ಬನ್ನಿಗಿಡದ ಕೆಳಗಿನ ಪಾಂಡವರು

ನನ್ನ ತಮ್ಮ ದುಂಡಪ್ಪ ಸಿಟ್ಟಾದರೆ ನಾನು ಮಾತಾಡುವುದಿಲ್ಲ. ಅವನ ಸಿಟ್ಟು ಜೋಳದ ರೊಟ್ಟಿಯ ಹಾಗೆ, ಉಬ್ಬಿದ್ದು ತಾನೇ ಇಳಿಯುತ್ತದೆ. ಸಣ್ಣವನಿದ್ದಾಗಿನಿಂದ ನೋಡಿದ್ದೇನೆ.

ಈ ಸಲದ ಸಿಟ್ಟು ಗಟಾರದ ನೀರಿನದು. ನಮ್ಮ ಊರಿನ ಗಟಾರವೆಲ್ಲ ಹಳ್ಳಕ್ಕೆ ಸೇರುತ್ತದೆ. ಹಳ್ಳ ದುಂಡಪ್ಪನ ಕೆಳಗಿನ ಹೊಲದ ಮಗ್ಗುಲಲ್ಲಿ ಹರಿದು ಮಲಪ್ರಭೆಗೆ ಬೀಳುತ್ತದೆ. ಬೀಳುವ ಮೊದಲೇ ಆ ನೀರನ್ನು ತಡೆದು ಶುದ್ಧ ಮಾಡುವ ಘಟಕ ಕಟ್ಟಲು ಪಂಚಾಯ್ತಿಯವರು ಅವನ ಹೊಲದ ಮೂಲೆಯನ್ನು ಕೇಳಿದ್ದರು. ಇಳಿಜಾರು ಅಲ್ಲಿಗೇ ಬರುತ್ತದೆ, ಬೇರೆ ಜಾಗವಿಲ್ಲ. ಮೊದಲು ಹೂಂ ಅಂದವನು ಯರಗಟ್ಟಿ ಪೇಟೆಯಲ್ಲಿ ಯಾರದೋ ಮಾತು ಕೇಳಿ ಬಂದು ತಿರುಗಿಬಿದ್ದ.

"ಊರ ಮಂದೀದೆಲ್ಲಾ ತಂದು ನನ್ನ ಹೊಲದಾಗ ಹಾಕ್ತಾರಂತ. ಹುಣ್ಣಿಮಿ ಮುಗೀಲಿ, ಆ ಕಲ್ಲು ಒಯ್ದು ಹಳ್ಳಕ್ಕ ಒಗೀತೇನಿ ನೋಡಣ್ಣ."

ಘಟಕದ ಗಡಿ ಗುರುತಿಗೆ ಹುಗಿಯಲೆಂದು ಎಂಜಿನಿಯರ್ ರಾಜೇಶ್ವರಿ ಐದು ಕಲ್ಲು ತರಿಸಿದ್ದಳು. ಮಳೆ ಹಿಡಿದು ಕೆಲಸ ನಿಂತಾಗ, ಬಿಳಿ ಬಣ್ಣ ಬಳಿದು ಕೆಂಪು ಗುರುತು ಹಾಕಿದ ಆ ಕಲ್ಲುಗಳನ್ನು ಹೊಲದ ಬನ್ನಿಗಿಡದ ಕೆಳಗೆ ಸಾಲಾಗಿ ನಿಲ್ಲಿಸಿ ಹೋದಳು. ದುಂಡಪ್ಪ ಒಪ್ಪದಿದ್ದರೆ ಕೆಲಸ ಬೇರೆ ಊರಿಗೆ ಹೋಗುತ್ತದೆ, ನಮ್ಮ ಹೊಳೆ ಹೀಗೇ ನಾರುತ್ತದೆ. ಆದರೂ ನಾನು ಅವಸರ ಮಾಡಲಿಲ್ಲ.

ಸೀಗಿ ಹುಣ್ಣಿಮೆ ಬಂತು. ಅಂದು ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ, ಎಡೆಯ ಅನ್ನವನ್ನು ಚರಗವೆಂದು ಬೆಳೆಗೆ ಚೆಲ್ಲಿ ಉಣ್ಣುತ್ತೇವೆ. ನಾವು ಅಣ್ಣತಮ್ಮ ಹೋಗುವಷ್ಟರಲ್ಲಿ ಅವನ ಹೆಂಡತಿ ಸುಂದರವ್ವ ಪೂಜೆ ಮುಗಿಸಿದ್ದಳು. ರಾಜೇಶ್ವರಿ ತರಿಸಿದ ಐದೂ ಕಲ್ಲಿಗೆ ವಿಭೂತಿ, ಚೆಂಡುಹೂ, ಮುಂದೆ ಎಡೆಗೆ ಕರ್ಚಿಕಾಯಿ.

"ಇದೇನ ಮಾಡಿದಿ ಮಾರಾಯ್ತಿ?" ಎಂದ ದುಂಡಪ್ಪ.

"ಸುಣ್ಣಾ ಹಚ್ಚಿ ಸಾಲಾಗಿ ಇಟ್ಟಿದ್ರಿ. ಈ ವರ್ಷರೆ ನೀವ ನಿಂತು ಪಾಂಡವರನ್ನ ಕುಂದ್ರಿಸೀರಿ ಅಂತ ತಿಳಕೊಂಡೆ."

ನಾನು ನಕ್ಕೆ. ಪೂಜೆಯಾದ ಪಾಂಡವರನ್ನು ಹಳ್ಳಕ್ಕೆ ಒಗೆಯುವ ಗಂಡಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ.

ಆದರೆ ಸೋಮವಾರ ರಾಜೇಶ್ವರಿ ಬಂದಾಗ ದುಂಡಪ್ಪ ಅದನ್ನೇ ನೆವ ಮಾಡಿ ಹಿಡಿದ.

"ಮುಟ್ಟಬ್ಯಾಡ್ರಿ ಬಾಯಾರ. ಅವರೀಗ ದೇವ್ರು."

"ಬ್ಯಾರೆ ಕಲ್ಲು ತರಸ್ತೇನ್ರಿ ಕಾಕಾರ."

"ತಂದ್ರೂ ಅಷ್ಟ. ಪಾಂಡವರ ಮುಂದ ಗಟಾರ ಛಂದ ಕಾಣತೈತೇನ್ರಿ?"

ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಸುಂದರವ್ವ ಕುಡುಗೋಲು ಇಟ್ಟು ಎದ್ದಳು.

"ಗಟಾರ ಈಗೆಲ್ಲೈತಿ? ಇಲ್ಲೇ ಹರ್ಯಾಕ ಹತ್ತೇತಿ. ನಮ್ಮತ್ತಿ ಹೊಳಿ ನೀರಿಲೆ ಪಾಂಡವರ ಮೈ ತೊಳೀತಿದ್ಲು. ನಾ ಮೊನ್ನೆ ನಳದ ನೀರು ಕ್ಯಾನಿನಾಗ ಹೊತ್ತು ತಂದೆ. ಅದು ಛಂದೇನು?"

ಅವ್ವ ಹೊಳೆಗಿಳಿದು ತಂಬಿಗೆ ತುಂಬುವಾಗ ತಳದ ಉಸುಕು ಕಾಣುತ್ತಿತ್ತು. ದುಂಡಪ್ಪನಿಗೂ ನೆನಪಿರಬೇಕು. ಅವಳ ಸೆರಗು ಹಿಡಿದು ನಿಲ್ಲುತ್ತಿದ್ದವನು ಅವನೇ.

"ಇದು ಕಟ್ಟಿದ ಮ್ಯಾಲೆ ಹೊಳಿ ನೀರು ತುಂಬ್ಕೋಬಹುದ್ರಿ?" ಎಂದು ಸುಂದರವ್ವ ಕೇಳಿದಳು.

"ಪೂಜಿಗೆ ತುಂಬ್ಕೊಳ್ರಿ ಕಾಕು. ಕುಡೀರಿ ಅಂತ ಹೇಳೂದಿಲ್ಲ. ನಮ್ಮ ಊರ ಹೊಲಸಂತೂ ಹೊಳಿಗೆ ಹೋಗಗೊಡೂದಿಲ್ಲ. ಬನ್ನಿಗಿಡಾನೂ ಗಡಿ ಹೊರಗ ಉಳೀತೈತಿ."

ಹುಡುಗಿ ಹೆಚ್ಚಿಗೆ ಹೇಳಲಿಲ್ಲ. ಅದಕ್ಕೇ ಅವಳ ಮಾತು ನಂಬುವಂತಿತ್ತು.

ದುಂಡಪ್ಪ ನನ್ನ ಕಡೆ ತಿರುಗಿದ. "ನೀ ಏನಂತಿ ಅಣ್ಣ?"

"ಪಾಂಡವರನ್ನ ಯಾಕ ಕುಂದ್ರಸ್ತೇವೋ?"

"ಹೊಲಾ ಕಾಯಾಕ."

"ನೆಳ್ಳಾಗ ಕುಂತು ಕಾಯೂದಕಿಂತ ಗಡಿ ಮ್ಯಾಲೆ ನಿಂತು ಕಾಯ್ಲಿ ಬಿಡು."

ಅವನು ಬನ್ನಿಗಿಡದ ಕೆಳಗೆ ಹೋದ. ಪಾಂಡವರಿಗೆ ಕೈಮುಗಿದು, ಇದ್ದುದರಲ್ಲೇ ದೊಡ್ಡ ಕಲ್ಲನ್ನು ತಾನೇ ಹೆಗಲಿಗೇರಿಸಿದ.

"ಇವ ಭೀಮ. ಹಳ್ಳದ ಕಡೆ ಹುಗೀರಿ. ನಾತ ಬಂತಂದ್ರ ಮೊದಲ ಇವನ್ನ ಕೇಳ್ತೇನಿ, ಆಮ್ಯಾಲೆ ನಿಮ್ಮನ್ನ, ಬಾಯಾರ."

"ಕೇಳ್ರಿ ಕಾಕಾರ," ಎಂದಳು ರಾಜೇಶ್ವರಿ.

ಹುಗಿದಾದ ಮೇಲೆ ಸುಂದರವ್ವ ಕ್ಯಾನಿನಲ್ಲಿ ಉಳಿದಿದ್ದ ನಳದ ನೀರನ್ನು ಭೀಮನ ಬುಡಕ್ಕೆ ಸುರಿದಳು. "ಕಟ್ಟೂತನಾ ಇದರಾಗ ಸಮಾಧಾನ ಮಾಡ್ಕೋಪಾ," ಎಂದಳು. "ಆಮ್ಯಾಲೆ ಹೊಳೀದು ತರತೇನಿ."