ಸೊಪ್ಪು ತಿನ್ನುವ ಸದ್ದು

ಗಂಗೋತ್ರಿಯ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲವೆಂದು ರಾಯದುರ್ಗದ ಆ ಡಿಗ್ರಿ ಕಾಲೇಜಿನಲ್ಲಿ ದೂರು. ಗುತ್ತಿಗೆಯ ಲೆಕ್ಚರರ್ ಮೇಲೆ ದೂರು ಹುಟ್ಟಲು ಎಷ್ಟು ಹೊತ್ತು ಬೇಕು? ಪ್ರಿನ್ಸಿಪಾಲ್ ಪಂಚಾಕ್ಷರಯ್ಯ ಕರೆದು ಹೇಳಿದರು: "ನಾಳೆ ನಾನ ಹಿಂದ ಕುಂದರ್ತೀನ್ರಿ ಮೇಡಂ. ನನಗ ಕೇಳ್ಸಲಿಲ್ಲಂದ್ರ ಮುಂದಿನ ವರ್ಷ ನಿಮ್ಮನ್ನ ತಗೊಳ್ಳೋದು ಕಷ್ಟ ಆಗ್ತದ."

ದನಿ ಹಾಗಾದದ್ದು ಮಡಕಶಿರದ ಕಡೆ, ದೊಡ್ಡರಂಗಪ್ಪನ ರೇಷ್ಮೆ ಹುಳು ಮನೆಯಲ್ಲಿ. ಅವಳಮ್ಮ ಕೆಂಪಕ್ಕ ಅಲ್ಲಿ ಕೂಲಿಗಿದ್ದಳು. ಮಗಳು ಬೆಳೆದದ್ದೂ ಅಲ್ಲೇ, ಹುಳು ಸಾಕುವ ತಟ್ಟೆಗಳ ಸಾಲಿನ ನಡುವೆ. ಬಾಯಿ ತೆರೆದರೆ ಸಾಕು, ಹಿಪ್ಪುನೇರಳೆ ವಾಸನೆಯ ಕೈ ಬಂದು ಮುಚ್ಚುತ್ತಿತ್ತು. "ಸುಮ್ಕಿರು ಮಗ. ಹುಳ ಸೊಪ್ಪು ತಿನ್ನೋ ಸದ್ದು ಕೇಳ್ಬೇಕು. ಅದು ಕೇಳ್ತು ಅಂದ್ರೆ ಎಲ್ಲಾ ಸರ್ಯಾಗೈತೆ ಅಂತ." ಸರಸರ, ಸರಸರ. ಹೆಂಚಿನ ಮೇಲಿನ ತುಂತುರಿನಂತಹ ಆ ಸದ್ದಿಗೆ ಅವಳಿಗೆ ನಿದ್ದೆ ಬರುತ್ತಿತ್ತು. ಅಂಥ ನಿದ್ದೆ ಆಮೇಲೆ ಎಲ್ಲಿ ಸಿಕ್ಕಿತು!

ಮರುದಿನ ಅರ್ಥಶಾಸ್ತ್ರದಲ್ಲಿ ಕೂಲಿಯ ಪಾಠ. ಪ್ರಿನ್ಸಿಪಾಲರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ಗಂಗೋತ್ರಿ ಕೂಗಿಯೇ ಶುರುಮಾಡಿದಳು. ಎರಡು ವಾಕ್ಯಕ್ಕೇ ಗಂಟಲು ಒಡೆದು ಕೀರಲಾಯಿತು, ಹುಡುಗರು ಗೊಳ್ಳೆಂದರು. ಕೆಲಸ ಹೋಯಿತು ಅಂದುಕೊಂಡಳು. ಹೋದರೆ ಹೋಗಲಿ ಎಂಬ ಮೊಂಡುತನವೂ ಜೊತೆಗೇ ಹುಟ್ಟಿತು.

ಪುಸ್ತಕ ಮುಚ್ಚಿ ವೇದಿಕೆಯಿಂದ ಕೆಳಗಿಳಿದಳು. ಕೆಂಪಕ್ಕ ಸೊಪ್ಪು ಹಾಕುವಾಗ ಯಾವತ್ತೂ ಮೂಲೆಯ ತಟ್ಟೆಯಿಂದಲೇ ಶುರುಮಾಡುತ್ತಿದ್ದಳು, ಅಲ್ಲಿನವು ಉಪವಾಸ ಬೀಳಬಾರದೆಂದು. ಗಂಗೋತ್ರಿಯೂ ನೇರ ಹಿಂದಿನ ಮೂಲೆಗೆ ಹೋಗಿ, ತನ್ನ ದನಿಯಲ್ಲೇ ಕೇಳಿದಳು: "ನಮ್ಮಮ್ಮ ಹುಳು ಮನೇಲಿ ಕೂಲಿ ಮಾಡ್ತಿದ್ಲು. ಅವಳ ಕೂಲಿ ಇಷ್ಟೇ ಅಂತ ಯಾರು ತೀರ್ಮಾನ ಮಾಡ್ತಿದ್ರು, ಹೇಳಿ?"

ಕಾಲೇಜಿನಲ್ಲಿ ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಗು ನಿಂತಿತು. ಮೂಲೆಯಲ್ಲಿ ಎಂದೂ ತುಟಿ ಬಿಚ್ಚದ ಹುಡುಗಿಯೊಬ್ಬಳು, "ಧಣೇರು ರೀ. ನಮ್ಮವ್ವಂದೂ ಹಂಗ ಐತ್ರಿ," ಎಂದಳು.

ಅಲ್ಲಿಂದ ಬೆಂಚಿನಿಂದ ಬೆಂಚಿಗೆ ಮೆಲ್ಲಗೆ ನಡೆಯುತ್ತ ಪಾಠ ಮಾಡಿದಳು. ಉಸಿರು ತೆಗೆದುಕೊಳ್ಳಲೆಂದು ಒಮ್ಮೆ ನಿಂತಾಗ ಕೋಣೆಯ ತುಂಬ ಪೆನ್ನುಗಳು ಓಡುತ್ತಿದ್ದವು. ಸರಸರ, ಸರಸರ. ಅವಳಿಗೆ ಅಳು ಬಂತು. ಬಾಗಿಲು ದಾಟುವಾಗ ಪಂಚಾಕ್ಷರಯ್ಯನವರು, "ಕೇಳ್ಸಿತ್ರಿ ಮೇಡಂ," ಎಂದಷ್ಟೇ ಹೇಳಿ ಹೋದರು.

ಸಂಜೆ ಫೋನು ಮಾಡಿದಳು. "ಅಮ್ಮಾ, ಹುಡುಗ್ರು ಬರೆಯೋ ಸದ್ದು ಕೇಳ್ತು ಕಣಮ್ಮ. ನಮ್ ಹುಳ ಸೊಪ್ಪು ತಿಂದಂಗೇ ಇತ್ತು."

ಕೆಂಪಕ್ಕ ಕೇಳಿದಳು: "ಮೂಲೇವೂ ತಿಂದ್ವಾ ಮಗ?"