ಹನ್ನೆರಡು ಪೆಂಟಿ ಬೆಲ್ಲ

ಬೆಲ್ಲದಲ್ಲಿ ತೂಗಿಸುತ್ತೇನೆ ಅಂತ ಹರಕೆ ಹೊತ್ತವಳು ತಾಯಿ, ತಕ್ಕಡಿಯಲ್ಲಿ ಕೂರಬೇಕಾದವಳು ಮಗಳು. ಹೊರುವ ಮುಂಚೆ ಮಗಳನ್ನೊಂದು ಮಾತು ಕೇಳಬೇಕೋ ಬೇಡವೋ? ಸಿದ್ದಲಿಂಗವ್ವ ಕೇಳಿರಲಿಲ್ಲ. ಕೇಳಿದ್ದರೂ ಹೇಳುವವರು ಯಾರು? ಮಗಳು ಗದಿಗೆವ್ವ ಆಗ ಗದಗಿನ ದವಾಖಾನೆಯಲ್ಲಿ ಒಂದು ಗುಟುಕು ಗಂಜಿಗೂ ಹಲ್ಲು ಕಚ್ಚಿಕೊಂಡು ಮಲಗಿದ್ದಳು.

ಹದಿನೇಳರ ಹುಡುಗಿಗೆ ಬಂದ ರೋಗಕ್ಕೆ ಲಕ್ಷ್ಮೇಶ್ವರದಲ್ಲಿ ಹೆಸರೇ ಇರಲಿಲ್ಲ. ಎರಡು ವರ್ಷದ ಹಿಂದೆ ಸೊರಟೂರಿನ ಮದುವೆಯಲ್ಲಿ ಸೋದರತ್ತೆಯೊಬ್ಬಳು ಹತ್ತು ಜನರ ಮುಂದೆ, "ಇಕಿ ಏನವಾ, ಜ್ವಾಳದ ಚೀಲ ಆಗ್ಯಾಳ! ಇಕಿಗೆ ಗಂಡ ಎಲ್ಲಿ ಹುಡುಕತೀರಿ?" ಎಂದು ನಕ್ಕಿದ್ದಳು. ಆಡಿದವಳು ಹೋಳಿಗೆ ತಿಂದು ಮರೆತಳು. ಗದಿಗೆವ್ವ ಮರೆಯಲಿಲ್ಲ. ಮೊದಲು ಸೋಮವಾರದ ಉಪವಾಸ ಹಿಡಿದಳು, ಆಮೇಲೆ ಗುರುವಾರ, ಆಮೇಲೆ ವಾರವೆಲ್ಲ. ಊರಿನವರು, "ಎಂಥಾ ಭಕ್ತಿ! ಶರಣಿ ಹುಟ್ಯಾಳ" ಎಂದು ಕೈ ಮುಗಿದರು. ಕಣ್ಣೆದುರೇ ಹುಡುಗಿ ಒಣಗಿ ಕಡ್ಡಿಯಾಗುತ್ತಿದ್ದರೆ ಕೈ ಮುಗಿಯುವ ಜನಕ್ಕೆ ಏನೆನ್ನಬೇಕು ಹೇಳಿ! ಒಂದು ಬೆಳಿಗ್ಗೆ ಅವಳು ಬಾವಿಕಟ್ಟೆಯ ಮೇಲೆ ಕೊಡದ ಸಮೇತ ಬಿದ್ದಳು. ಗದಗು, ದವಾಖಾನೆ, ಹರಕೆ, ಎಲ್ಲ ಆಮೇಲಿನವು.

"ಇದು ಭಕ್ತಿ ಅಲ್ಲ, ಬ್ಯಾನಿ. ಇದಕ್ಕ ಊಟನ ಔಷಧ" ಎಂದು ಡಾಕ್ಟರ್ ಬಾಯಿಯವರು ಬೈದು ಕಳಿಸಿದ್ದರು. ನಾಲ್ಕು ತಿಂಗಳಿಂದ ಗದಿಗೆವ್ವ ಆ ಔಷಧ ನುಂಗುತ್ತಿದ್ದಳು. ಹೊತ್ತಿಗೆ ಎರಡು ರೊಟ್ಟಿ, ಮೇಲೆ ಬೆಣ್ಣೆ, ಮಲಗುವಾಗ ಹಾಲು. ಬದುಕಬೇಕೆಂಬ ಆಸೆ ಖರೇನೇ ಇತ್ತು. ಆದರೆ ಪ್ರತಿ ತುತ್ತೂ ನೇರ ಹೋಗಿ ಸೊಂಟದ ಮೇಲೆ ಕೂತಂತೆ ಅನಿಸುತ್ತಿತ್ತು. ಬಳೆ ಒಂದಿಷ್ಟು ಬಿಗಿಯಾದರೆ ಎದೆ ಧಸಕ್ಕೆನ್ನುತ್ತಿತ್ತು. ನೆರೆಮನೆಯ ಹನಮಂತವ್ವ ಪ್ರೀತಿಯಿಂದಲೇ, "ಈಗ ನೋಡವ್ವಾ, ಮೈಕೈ ತುಂಬ್ಯಾವ!" ಎಂದ ದಿನ ಒಂದು ರೊಟ್ಟಿ ಸದ್ದಿಲ್ಲದೆ ಎಮ್ಮೆಯ ಬಾಯಿಗೆ ಹೋಗುತ್ತಿತ್ತು.

ಅಂಥವಳನ್ನು ಈಗ ನಾಲ್ಕು ಜನರ ಮುಂದೆ ತೂಗುವುದು! ಕರ್ನಾಟಕ ಒಂದಾಗಿ ಹದಿನೈದು ದಿನವಾಗಿತ್ತು, ಆಗ ಕಟ್ಟಿದ ತೋರಣಗಳು ಒಣಗಿ ಜೋತಾಡುತ್ತಿದ್ದವು. ಚಕ್ಕಡಿಯಲ್ಲಿ ಸುಲಿಯದ ತೆಂಗಿನಕಾಯಿಯಷ್ಟು ದಪ್ಪದ ಇಪ್ಪತ್ತು ಪೆಂಟಿ ಬೆಲ್ಲ ಹೇರಿಕೊಂಡು ತಾಯಿ ಮಗಳು ಶಿರಹಟ್ಟಿಯ ಮಠಕ್ಕೆ ಹೊರಟರು.

"ಇಪ್ಪತ್ತು ಸಾಕಾಗತಾವೋ ಇಲ್ಲೋ" ಎಂದು ಸಿದ್ದಲಿಂಗವ್ವ ದಾರಿಯುದ್ದಕ್ಕೂ ಸಂಭ್ರಮದಿಂದ ಗೊಣಗಿದಳು. ಗದಿಗೆವ್ವ ಹಿಂದೆ ತಿರುಗಿ ಪೆಂಟಿಗಳನ್ನು ಮತ್ತೆ ಎಣಿಸಿದಳು. ಸಾಲದೆ ಬಂದು ಅಂಗಡಿಯಿಂದ ಇನ್ನಷ್ಟು ತರಿಸಿದರೆ? ಮಠದ ಮಂದಿಯೆಲ್ಲ ನಿಂತು ನೋಡಿದರೆ? ಹರಕೆ ಮುಗಿಯಲಿ ಎಂದು ನೆಪ ಹೇಳಿ ಬೆಳಿಗ್ಗೆಯಿಂದ ಅವಳು ನೀರೂ ಕುಡಿದಿರಲಿಲ್ಲ.

ಮಠದ ಅಂಗಳದಲ್ಲಿ ತಕ್ಕಡಿ ಕಟ್ಟಿದವನು ಯಮನೂರಸಾಬ, ಪೇಟೆಯಲ್ಲಿ ಮೂವತ್ತು ವರ್ಷ ತೂಕ ಮಾಡಿದ ಮುದುಕ. ಪೇಟೆಯವರು ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಶುಭವಾಗಲಿ ಎಂದು ಲಾಭ ಎನ್ನುತ್ತಾರೆ.

"ಕುಂಡ್ರವ್ವಾ, ಅಂಜಬ್ಯಾಡ" ಎಂದು ಅವಳನ್ನು ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಪೆಂಟಿ ಇಟ್ಟು ಕೂಗಿದ: "ಲಾಭ!"

ಲಾಭವಂತೆ! ಯಾರಿಗೆ ಬೇಕಾಗಿತ್ತು ಈ ಲಾಭ? ಗದಿಗೆವ್ವ ಕಣ್ಣು ಮುಚ್ಚಿದಳು. ಎರಡು, ಮೂರು, ನಾಲ್ಕು. ಒಂದೊಂದು ಕೂಗಿಗೂ ಮೈ ಊದಿಕೊಳ್ಳುತ್ತಿದೆ ಅನಿಸಿತು. ಹತ್ತು. ಹನ್ನೊಂದು. ಹನ್ನೆರಡು ಎನ್ನುವಷ್ಟರಲ್ಲಿ ಕೂತ ತಟ್ಟೆ ನೆಲ ಬಿಟ್ಟು ಮೇಲೆದ್ದಿತು. ಕೂಗು ನಿಂತಿತು. ಕಣ್ಣು ತೆರೆದರೆ ಎಂಟು ಪೆಂಟಿ ಚಕ್ಕಡಿಯಲ್ಲೇ ಕೂತಿದ್ದವು.

"ತಕ್ಕಡಿ ಕೆಟ್ಟೈತಿ, ಸಾಬರ! ಅದಲ ಬದಲ ಮಾಡಿ ತೂಗ್ರಿ" ಎಂದಳು ಸಿದ್ದಲಿಂಗವ್ವ. ಯಮನೂರಸಾಬ ಹುಡುಗಿಯನ್ನು ಆ ಕಡೆಗೆ, ಬೆಲ್ಲವನ್ನು ಈ ಕಡೆಗೆ ಹಾಕಿ ತೂಗಿದ. ಹನ್ನೆರಡೇ. ಮುದುಕ ಸಿದ್ದಲಿಂಗವ್ವನ ಕಡೆ ತಿರುಗಿದ.

"ಅಕ್ಕಾರ, ನನ್ನ ಮೊಮ್ಮಗಳು ಮೋತಿಬಿನ್ನ ಹೋದ ವರ್ಷ ಇದ ತಕ್ಕಡ್ಯಾಗ ತೂಗೀನ್ರಿ. ಇಂಥಾವ ಹದಿಮೂರು ಪೆಂಟಿ ಆಗಿದ್ವು. ಆಕಿಗೆ ಆಗ ಹನ್ನೊಂದು ವರ್ಷ."

ಸಿದ್ದಲಿಂಗವ್ವ ಸೆರಗು ಬಾಯಿಗಿಟ್ಟುಕೊಂಡು ಕುಸಿದು ಕೂತಳು. ನಾಲ್ಕು ತಿಂಗಳು ಬಡಿದ ರೊಟ್ಟಿಗಳೆಲ್ಲ ಎಲ್ಲಿ ಹೋದವು?

ಗದಿಗೆವ್ವನೂ ಗರ ಬಡಿದವಳಂತೆ ಕೂತಿದ್ದಳು. ಹಂಡೆಯಷ್ಟಾಗಿದ್ದೇನೆ ಎಂದು ಅಳುತ್ತಿದ್ದ ತಾನು ಹನ್ನೊಂದರ ಹುಡುಗಿಯಷ್ಟೂ ಇಲ್ಲ! ಇಷ್ಟು ದಿನ ಕನ್ನಡಿಯಲ್ಲಿ ಕಂಡವಳು ಯಾರು ಹಾಗಾದರೆ? ಆದರೆ ಅವಳ ರಕ್ತ ತಣ್ಣಗಾದದ್ದು ಅದಕ್ಕಲ್ಲ. ಅವ್ವ ಕುಸಿಯುತ್ತಿದ್ದ ಆ ಗಳಿಗೆಯಲ್ಲೇ ಅವಳೊಳಗೆ ಏನೋ ಒಂದು ಚಪ್ಪಾಳೆ ತಟ್ಟಿತ್ತು. ಹನ್ನೆರಡೇ! ಗೆದ್ದೆ! ಹತ್ತಾಗಿದ್ದರೆ ಅದು ಇನ್ನೂ ಜೋರಾಗಿ ತಟ್ಟುತ್ತಿತ್ತು. ಐದಾಗಿದ್ದರೂ ತಟ್ಟುತ್ತಿತ್ತು. ಈ ತಟ್ಟೆಯಲ್ಲಿ ಯಾರೂ ಇಲ್ಲದ ದಿನ ಕುಣಿದಾಡುತ್ತಿತ್ತು. ಅವಳಿಗೆ ತನ್ನ ಮೈಯಲ್ಲೇ ಕೂತ ಆ ಖುಷಿಯ ಭಯ ಹುಟ್ಟಿತು.

"ಯವ್ವಾ" ಎಂದಳು. ದನಿ ಅವಳದೇ ಅನಿಸಲಿಲ್ಲ. "ಹನ್ನೆರಡು ಅಂದಾಗ ನನಗ ಖುಷಿ ಆತು."

ಸಿದ್ದಲಿಂಗವ್ವ ತಲೆ ಎತ್ತಿದಳು. "ಏನಂದಿ?"

"ಖುಷಿ ಆತು ಯವ್ವಾ. ನೀ ಅಳಾಕ ಹತ್ತಿದ್ದಿ, ನನಗ ನಗು ಬಂತು. ರೊಟ್ಟಿ ಎಮ್ಮಿಗೆ ಹಾಕೀನಿ, ನಿನಗ ಸುಳ್ಳ ಹೇಳೀನಿ."

ತಾಯಿ ಧಡಕ್ಕನೆ ಎದ್ದು ಬಂದು ಕೈ ಎತ್ತಿದಳು. ಹೊಡೆದೇಬಿಡುತ್ತಾಳೆ ಎಂದು ಯಮನೂರಸಾಬ ಅಡ್ಡ ಬಂದ. ಗದಿಗೆವ್ವ ಆ ಎತ್ತಿದ ಕೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಮಾತು ಕೇಳಬ್ಯಾಡ ಇನ್ನ. ಹಸಿವಿಲ್ಲ ಅಂತೀನಿ, ಉಪವಾಸ ಅಂತೀನಿ, ದೇವರ ಆಣಿ ಹಾಕತೀನಿ. ಕೇಳಬ್ಯಾಡ. ಮುಂದ ಕುಂತು ತಿನಸು. ನನಗ ಸಾಯಾಕ ಮನಸಿಲ್ಲವ್ವಾ."

ಸಿದ್ದಲಿಂಗವ್ವನಿಗೆ ಅರ್ಥವಾದದ್ದು ಅರ್ಧ. ಆದರೆ ಸಾವೆಂಬ ಮಾತು ಪೂರ್ತಿ ಅರ್ಥವಾಯಿತು. ಕೈ ಬಿಡಿಸಿಕೊಂಡು ಪೆಂಟಿಯೊಂದನ್ನು ಕಲ್ಲಿಗೆ ಕುಕ್ಕಿ ಒಡೆದಳು, ದೊಡ್ಡ ಚೂರು ಎತ್ತಿ ಮಗಳ ಬಾಯಿಯ ಹತ್ತಿರ ತಂದಳು.

"ಬ್ಯಾಡ" ಎಂದಳು ಗದಿಗೆವ್ವ, ತನಗರಿವಿಲ್ಲದೆಯೇ.

ಸಿದ್ದಲಿಂಗವ್ವ ಕೇಳಲಿಲ್ಲ.