ಎರವಲು ಹೋದ ಚಕ್ಕುಲಿ ಒರಳು

ನಾನು ಒಂದು ಹಿತ್ತಾಳೆಯ ಚಕ್ಕುಲಿ ಒರಳು. ಮೈ ಗಟ್ಟಿ, ಜೀವ ಮಾತ್ರ ಪುಕ್ಕಲು. ಹುಬ್ಬಳ್ಳಿಯ ಕಂಚಗಾರರ ಓಣಿಯಲ್ಲಿ ನನ್ನನ್ನು ಎರಕ ಹೊಯ್ದು, ತಿಕ್ಕಿ, ತಿರುಪು ಕೊರೆದು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟ ಮೊದಲ ದಿನವೇ ನನಗೆ ಚಿಂತೆ ಶುರುವಾಯಿತು. ತಿರುಪು ಸಡಿಲಾದರೆ? ಹಿಡಿಕೆ ಕಿತ್ತು ಬಂದರೆ? ಯಾರೂ ಕೊಳ್ಳದೇ ಹೋದರೆ? ಪಕ್ಕದಲ್ಲಿದ್ದ ಕೊಡಗಳು ತಮ್ಮ ಪಾಡಿಗೆ ಹೊಳೆಯುತ್ತ ಕೂತಿದ್ದವು. ನಾನು ಮಾತ್ರ ದಾರಿಯಲ್ಲಿ ಹೋಗುವವರ ಕಾಲುಗಳನ್ನು ನೋಡುತ್ತ, ಯಾವ ಕಾಲು ನಮ್ಮ ಮುಂದೆ ನಿಲ್ಲುತ್ತದೋ ಎಂದು ಕಾಯುತ್ತಿದ್ದೆ.

ನನಗೂ ಒಂದು ಹೆಮ್ಮೆ ಇದೆ, ಅದನ್ನು ಹೇಳಿಬಿಡುತ್ತೇನೆ. ನನ್ನ ತಳದ ಬಿಲ್ಲೆಯಲ್ಲಿ ನಕ್ಷತ್ರದ ಆಕಾರದ ತೂತಿದೆ. ಹಿಟ್ಟು ಅದರೊಳಗಿಂದಲೇ ಮುಳ್ಳುಮುಳ್ಳಾಗಿ ಇಳಿಯುವುದು. ಬೆಟಗೇರಿಯ ಎಸ್ತೇರವ್ವನ ಮದುವೆಗೆ ಸಾಮಾನು ತೆಗೆಯಲು ಬಂದ ಅವಳ ತಾಯಿ ಆ ತೂತಿನಿಂದ ಕಣ್ಣು ಹಾಯಿಸಿ, ಕ್ರಿಸ್‌ಮಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ ಎಂದಳು. ಹಾಗೆ ನಾನು ಬೆಟಗೇರಿಯ ಕ್ರೈಸ್ತರ ಓಣಿಗೆ ಬಂದೆ.

ಅಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ನನಗೆ ನಿದ್ದೆ. ಡಿಸೆಂಬರ್ ಬಂತೆಂದರೆ ಓಣಿಯ ಹೆಂಗಸರೆಲ್ಲ ಎಸ್ತೇರವ್ವನ ಪಡಸಾಲೆಯಲ್ಲಿ ಸೇರುತ್ತಿದ್ದರು. ಒಬ್ಬಳು ನಾದುವುದು, ಒಬ್ಬಳು ಕರಿಯುವುದು, ನನ್ನ ಹಿಡಿಕೆ ತಿರುವುವುದು ಮಾತ್ರ ಎಸ್ತೇರವ್ವನೇ. ಕರಿದದ್ದನ್ನು ಎಣ್ಣೆ ಹೀರಲೆಂದು ಕಾಗದದ ಮೇಲೆ ಹರವುವರು. ಹಳೆಯ ಪತ್ರಿಕೆ, ಹರಿದ ಪಂಚಾಂಗ, ಶಾಲೆಯ ಉತ್ತರಪತ್ರಿಕೆ, ಯಾವುದಾದರೂ ನಡೆಯುತ್ತಿತ್ತು. ಆಮೇಲೆ ತಟ್ಟೆಗಳು ಹೊಲಿಗೆಯ ಬಟ್ಟೆ ಹೊದ್ದು ಅಕ್ಕಪಕ್ಕದ ಶಿವಲೀಲವ್ವ, ಮಾಬೂಬಿ ಎಲ್ಲರ ಮನೆಗೂ ಹೋಗುತ್ತಿದ್ದವು. ಒಂದು ತಟ್ಟೆಯೂ ಬರಿದಾಗಿ ತಿರುಗಿ ಬರುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರುತ್ತಿತ್ತು.

ಎಸ್ತೇರವ್ವನ ಮೊಮ್ಮಗ ಜಯಶೀಲ. ಬಡಗಿ ಕೆಲಸವನ್ನೂ ಬೈಬಲಿನ ವೇದಶಾಸ್ತ್ರವನ್ನೂ ಕಲಿತ ಇಪ್ಪತ್ನಾಲ್ಕು ವರ್ಷದ ಹುಡುಗ. ಅವನನ್ನು ಆಫ್ರಿಕದ ಟಾಂಜಾನಿಯಾಕ್ಕೆ, ದೊಡ್ಡ ಸರೋವರವೊಂದರ ಮೇಲಿನ ಗುಡ್ಡದ ಹಳ್ಳಿಗೆ, ಮಿಷನರಿಯಾಗಿ ಎರಡು ವರ್ಷಕ್ಕೆ ಕಳಿಸುವುದೆಂದು ಊರಿನ ಕ್ರೈಸ್ತ ಸಭೆಯ ಹಿರಿಯರು ತೀರ್ಮಾನಿಸಿದರು. ಫೋನು ಎಲ್ಲರ ಮನೆಗೆ ಬಂದಿರದ ಕಾಲ ಅದು. ಹೊರಡುವ ದಿನ ಎಸ್ತೇರವ್ವ ನನ್ನನ್ನು ಎತ್ತಿ ಅವನ ಟ್ರಂಕಿನಲ್ಲಿಟ್ಟಳು.

"ಆಯಿ, ಅಲ್ಲಿ ನನಗ ಯಾರ ಹಿಟ್ಟ ನಾದಿ ಕೊಡ್ತಾರ?" ಎಂದ ಅವನು.

"ಕೈ ಇಲ್ಲೇನು ನಿನಗ? ಮತ್ತ ನೋಡು ತಮ್ಮಾ, ಇದನ್ನ ನಿನಗ ಕೊಟ್ಟಿಲ್ಲ. ಎರವಲ ಕಳಸಾಕತ್ತೀನಿ. ಬರೂ ಮುಂದ ತಗೊಂಡ ಬಾ. ಬರಿದ ಮಾತ್ರ ತರಬ್ಯಾಡ."

ಎರವಲು ಎಂದ ಮೇಲೆ ತಿರುಗಿ ಬರಲೇಬೇಕು. ಅವಳ ಉಪಾಯ ನನಗೆ ತಿಳಿಯಿತು. ಸಮಾಧಾನ ಮಾತ್ರ ಆಗಲಿಲ್ಲ.

ಮುಂಬಯಿಯ ವಿಮಾನ ನಿಲ್ದಾಣದಲ್ಲಿ ನನ್ನ ಜೀವ ಬಾಯಿಗೆ ಬಂತು. ಅಧಿಕಾರಿಯೊಬ್ಬ ನನ್ನನ್ನು ಟ್ರಂಕಿನಿಂದ ಎತ್ತಿ, ಅಲ್ಲಾಡಿಸಿ, ಒಳಗೆ ಇಣುಕಿ, ಇನ್ನೊಬ್ಬನನ್ನು ಕರೆದ. ಅವನೂ ಇಣುಕಿದ. ಜಯಶೀಲ ಗಾಳಿಯಲ್ಲಿ ಹಿಡಿಕೆ ತಿರುವಿ ತೋರಿಸುತ್ತ, ತಿನ್ನುವ ಪದಾರ್ಥ, ತಿನ್ನುವ ಪದಾರ್ಥ ಎಂದು ಬೆವರುತ್ತಿದ್ದ. ಅಂದೇ ನನಗೆ ಗೊತ್ತಾಯಿತು, ಇವನೂ ನನ್ನ ಜಾತಿಯವನೇ, ಪುಕ್ಕಲ.

ಆ ಹಳ್ಳಿಯಲ್ಲಿ ಅವನಿಗೆ ಹೆಂಚಿನ ಮಾಡಿನ ಒಂದೇ ಕೋಣೆಯ ಮನೆ. ಬೆಳಿಗ್ಗೆ ಹುಡುಗರಿಗೆ ಬಡಗಿ ಕೆಲಸ ಕಲಿಸುವುದು, ಭಾನುವಾರ ಅಲ್ಲಿಯ ಇಗರ್ಜಿಯ ಸಭಾಪಾಲಕರಿಗೆ ನೆರವಾಗುವುದು ಅವನ ಕೆಲಸ. ಮೂರನೆಯ ತಿಂಗಳು ಅಲ್ಲಿಯ ಸ್ವಾಹಿಲಿ ಭಾಷೆಯಲ್ಲಿ ಅವನ ಮೊದಲ ಧರ್ಮೋಪದೇಶ. ನಡುವೆ ಮಾತು ಮರೆತುಹೋಯಿತು. ಜನ ಮಾತಾಡದೆ ಕಾದರು, ಅವನಿಗೆ ಮಾತು ಬರಲೇ ಇಲ್ಲ, ಹಾಗೇ ಇಳಿದು ಬಂದ. ಅವರು ಕಾದದ್ದನ್ನು ಅವನು ತಿರಸ್ಕಾರ ಎಂದುಕೊಂಡ. ಅಂದಿನಿಂದ ಕೆಲಸ ಮುಗಿದ ಕೂಡಲೇ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುವುದೇ ರೂಢಿಯಾಯಿತು. ಪಕ್ಕದ ಮನೆಯ ಹೆಂಗಸು ದಿನಾ ಬಾಗಿಲು ತಟ್ಟಿ ಬಾಳೆಕಾಯಿ ಬೇಯಿಸಿದ್ದೋ, ಹುರುಳಿಕಾಯಿಯ ಬೀಜವೋ ತಂದು ಕೊಡುತ್ತಿದ್ದಳು. ಅವನು ಆಕೆಯನ್ನು ಮಾಮಾ ಎನ್ನುತ್ತಿದ್ದ. ಅಲ್ಲಿ ದೊಡ್ಡ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಾರೆ. ಪಾತ್ರೆ ತೆಗೆದುಕೊಂಡು ತಲೆಬಾಗಿ ಮತ್ತೆ ಬಾಗಿಲು ಹಾಕುತ್ತಿದ್ದ.

ಡಿಸೆಂಬರ್ ಮಧ್ಯದಲ್ಲಿ ಒಂದು ಮಧ್ಯಾಹ್ನ ಅವನು ಕೂತು ಕಾಗದ ಬರೆದ. ಬರೆಯುತ್ತ ಬಾಯಲ್ಲೇ ಓದಿಕೊಂಡದ್ದರಿಂದ ನನಗೆ ಅಕ್ಷರ ಅಕ್ಷರವೂ ಗೊತ್ತು. ಊರಿನ ಸಭೆಯ ಹಿರಿಯರಿಗೆ ಕನ್ನಡದಲ್ಲಿ ಬರೆದದ್ದು. ತನ್ನನ್ನು ಮರಳಿ ಕರೆಸಿಕೊಳ್ಳಬೇಕೆಂಬ ಬೇಡಿಕೆ. ಅದನ್ನು ಸುರುಳಿ ಸುತ್ತಿ ನನ್ನ ಹೊಟ್ಟೆಯಲ್ಲಿಟ್ಟ. ಅಂಚೆ ಒಯ್ಯುವ ಮಿಷನ್ ಜೀಪು ಬರುವುದು ಇಪ್ಪತ್ತೇಳನೆಯ ತಾರೀಖಿಗೆ.

ಆ ದಿನಗಳಲ್ಲಿ ನಾನು ಪಟ್ಟ ಸಂಕಟ ಹೇಳತೀರದು. ಕಾಗದ ಹೋದರೆ ಅವನು ಸೋತವನೆಂದು ಹೆಸರು ಹೊತ್ತು ಊರಿಗೆ ಹೋಗುತ್ತಾನೆ. ಕಂಡಕಂಡವರಿಗೆಲ್ಲ ಮೊಮ್ಮಗನ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದ ಎಸ್ತೇರವ್ವನ ಮುಖ ಹೇಗಾಗಬೇಡ? ಕಾಗದ ಹೋಗದಿದ್ದರೆ ಈ ಹುಡುಗ ಈ ಕೋಣೆಯಲ್ಲಿ ಒಣಗಿಹೋಗುತ್ತಾನೆ. ನಿಜ ಹೇಳಬೇಕೆಂದರೆ ನನಗೂ ಊರಿನ ಆಸೆ ಇತ್ತು. ಅದು ಹೋಗಲೆಂದು ಅರ್ಧ, ಬೇಡವೆಂದು ಅರ್ಧ, ಎರಡನ್ನೂ ಹಾರೈಸಿಕೊಂಡು ಕೂತಿದ್ದೆ.

ಇಪ್ಪತ್ನಾಲ್ಕರ ಮಧ್ಯಾಹ್ನ ಅವನು ಇದ್ದಕ್ಕಿದ್ದಂತೆ ಎದ್ದು ನನ್ನನ್ನು ಕೆಳಗಿಳಿಸಿದ. ಕಾಗದ ತೆಗೆದು ಒಲೆಯ ಮೇಲಿನ ಹಲಗೆಯ ಮೇಲಿಟ್ಟ. ಹೇಗೂ ಹೋಗುವವನು, ಹೋಗುವ ಮೊದಲು ಒಂದು ಹಬ್ಬವಾದರೂ ಮಾಡಿಬಿಡುತ್ತೇನೆ ಎಂದುಕೊಂಡನೋ ಏನೋ. ಸಂತೆಯಿಂದ ತಂದ ಬಿಳಿ ಹಿಟ್ಟಿಗೆ ಜೀರಿಗೆ, ಎಳ್ಳು, ಉಪ್ಪು, ಬಿಸಿ ಎಣ್ಣೆ, ಬಿಸಿನೀರು ಹಾಕಿ ಕಲಸಿದ. ಅದು ಅಕ್ಕಿ ಹಿಟ್ಟಾಗಿರಲಿಲ್ಲ, ಮರಗೆಣಸಿನ ಹಿಟ್ಟು. ಬಿಸಿನೀರು ಬಿದ್ದದ್ದೇ ಗೋಂದಾಗಿ ಅವನ ಎರಡೂ ಕೈ ಹಿಡಿದುಕೊಂಡಿತು. ಛಲ ಬಿಡದೆ ಅದನ್ನೇ ನನ್ನೊಳಗೆ ತುಂಬಿ ತಿರುವಿದ. ನನ್ನ ತಿರುಪು ಕಿರ್ರೆಂದು ನಿಂತೇಬಿಟ್ಟಿತು. ನನ್ನ ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಸದ್ದು ಕೇಳಿ ಪಕ್ಕದ ಮನೆಯ ಮಾಮಾ ಬಂದಳು. ಅವನ ಕೈ ನೋಡಿದಳು, ನನ್ನನ್ನು ನೋಡಿದಳು, ಗೋಡೆಗೆ ಒರಗಿ ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ನನ್ನನ್ನು ಸುಡುವ ಬಿಸಿನೀರಿನಲ್ಲಿ ಅದ್ದಿ, ಕಡ್ಡಿಯಿಂದ ಕೆರೆದು, ತನ್ನ ಮನೆಯ ಅಕ್ಕಿಯನ್ನು ಕುಟ್ಟಿ ಜರಡಿ ಹಿಡಿದು ತಂದಳು. ಇದು ಯಾರದು ಎಂದು ಕೇಳಿದಳು. ಅಜ್ಜಿಯದು ಎಂದ. ಅಷ್ಟಕ್ಕೇ ಆಕೆ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಮೆಲ್ಲಗೆ ಇಟ್ಟಳು.

ಮೊದಲ ಚಕ್ಕುಲಿ ಎಣ್ಣೆಗೆ ಬಿದ್ದಾಗ ಜಯಶೀಲನ ಮುಖ ಅರಳಿತು. ಬೆಟಗೇರಿಯ ಪಡಸಾಲೆಯೇ ಅವನ ಮೈಯೊಳಗೆ ಬಂದಂತಾಗಿರಬೇಕು. ಕೈ ತನ್ನಷ್ಟಕ್ಕೆ ಓಡಿತು, ಬಾಯಿಯೂ. ಜಾಲರಿ ಎತ್ತಿ, ಹಿಂದೆ ನೋಡದೆ, "ಕಾಗದ, ಕಾಗದ" ಎಂದು ಕನ್ನಡದಲ್ಲೇ ಕೂಗುತ್ತ ಹಲಗೆಯ ಕಡೆ ಕೈ ಬೀಸಿದ. ಬೆಟಗೇರಿಯ ನಮ್ಮ ಮನೆಯಲ್ಲಿ ಒಲೆಯ ಹಲಗೆಯ ಮೇಲಿರುವ ಕಾಗದವೆಲ್ಲ ಎಣ್ಣೆ ಹೀರಲಿಕ್ಕೆ ಇರುವುದು. ಮಾಮಾ ಅವನ ಕೈ ತೋರಿದ್ದನ್ನು ತೆಗೆದು ತಟ್ಟೆಯಲ್ಲಿ ಹಾಸಿದಳು.

ಕೂಗಿ ಹೇಳೋಣವೆಂದರೆ ನನ್ನ ಬಾಯಿ ತುಂಬ ಹಿಟ್ಟು.

ಅವನು ನೋಡಲಿಲ್ಲ. ಬಿಸಿ ಚಕ್ಕುಲಿ ಕಾಗದದ ಮೇಲೆ ಬಿದ್ದವು. ತಟ್ಟೆಗಳ ಮೇಲೆ ಕರವಸ್ತ್ರ ಹೊದಿಸಿದ, ಮಾಮಾ ಮನೆಮನೆಗೆ ಹಂಚಿ ಬಂದಳು. ಸಂಜೆಯ ಹೊತ್ತಿಗೆ ಅವನು ಹಲಗೆಯ ಮೇಲೆ ತಡಕಾಡಿದ. ಕೆಳಗೆ ನೋಡಿದ. ನನ್ನೊಳಗೆ ಬೆರಳು ಹಾಕಿ ನೋಡಿದ. ಓಡಿಹೋಗಿ ಮಾಮಾಳನ್ನು ಕೇಳಿ ಬಂದವನು ಚಾಪೆಯ ಮೇಲೆ ಕೂತ. ಕಾಗದ ಸಭಾಪಾಲಕರ ಮನೆಯ ತಟ್ಟೆಯಲ್ಲಿ ಹೋಗಿತ್ತು.

"ಕನ್ನಡ ಅದ. ಅವರಿಗೇನ ಓದಾಕ ಬರ್ತದ?" ಎಂದು ತನಗೆ ತಾನೇ ಹೇಳಿಕೊಂಡ. ಹತ್ತು ಸಲವಾದರೂ ಹೇಳಿಕೊಂಡಿರಬೇಕು.

ಹಬ್ಬದ ಬೆಳಿಗ್ಗೆ ಸಭಾಪಾಲಕ ಅಂಬಕಿಸ್ಯೆ ತಾವೇ ಬಂದರು. ಎತ್ತರದ ಮುದುಕರು, ನೆಲದಲ್ಲಿದ್ದ ನನಗೆ ಅವರ ಮೊಣಕಾಲು ಮೊದಲು ಕಂಡಿತು, ಆಮೇಲೆ ಅವರ ಕೈಯಲ್ಲಿದ್ದ ಕಾಗದ.

"ನಿಮ್ಮ ಅಜ್ಜಿಯ ಯಂತ್ರದ ತಿಂಡಿಯ ಜೊತೆ ಅವರ ಕಾಗದವೂ ತಟ್ಟೆಯಲ್ಲಿತ್ತು. ನನ್ನ ಹೆಂಡತಿ ಒಲೆಯ ಹತ್ತಿರ ಹರವಿ ಒಣಗಿಸಿದಳು. ಅಷ್ಟು ದೂರದಿಂದ ಅಜ್ಜಿ ನಮ್ಮ ಸಭೆಗೆ ಹಬ್ಬದ ಮಾತು ಬರೆದಿದ್ದಾರೆ ಎಂದು ಎಲ್ಲರಿಗೂ ಹೇಳಿದ್ದೇನೆ. ಇವತ್ತು ಆರಾಧನೆಯಲ್ಲಿ ಓದಿ. ಮೊದಲು ನಿಮ್ಮ ಭಾಷೆಯಲ್ಲಿ, ಆಮೇಲೆ ನಮಗೆ ಅರ್ಥ ಹೇಳಿ. ಅಜ್ಜಿಯ ಯಂತ್ರವನ್ನೂ ತನ್ನಿ."

ಜಯಶೀಲ ಬಾಯಿ ತೆರೆಯುವುದರೊಳಗೆ ಅವರು ಹೊರಟಿದ್ದರು.

ನನ್ನನ್ನು ಕಂಕುಳಲ್ಲಿಟ್ಟುಕೊಂಡು ಇಗರ್ಜಿಗೆ ನಡೆಯುತ್ತ ಅವನು ಬೈಬಲಿನ ಬಾಯಿಪಾಠದ ಒಂದು ಕೀರ್ತನೆಯನ್ನು ಗುನುಗಿಕೊಳ್ಳುತ್ತಿದ್ದ. ಕಾಗದ ಹಿಡಿದುಕೊಂಡು ಕೀರ್ತನೆ ಹೇಳಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ನನಗೂ ಆ ಸುಳ್ಳು ಸಾಕು ಎನ್ನಿಸಿತ್ತು. ಈ ದಿನ ದಾಟಿದರೆ ಸಾಕು.

ಇಗರ್ಜಿ ತುಂಬಿತ್ತು. ನನ್ನನ್ನು ಮುಂದಿನ ಮೇಜಿನ ಮೇಲೆ ಇಟ್ಟರು. ಹಾಡುಗಳಾದವು, ಡೋಲು ನಿಂತಿತು, ಅವನ ಹೆಸರು ಕರೆದರು. ಅವನು ಕಾಗದ ಬಿಚ್ಚಿದ. ಕೀರ್ತನೆಯ ಮೊದಲ ಸಾಲನ್ನು ಹೇಳಿದ. ಅಷ್ಟರಲ್ಲಿ ಅವನ ಕಣ್ಣು ಕಾಗದದ ಮೇಲೆ ಬಿತ್ತು. ಚಕ್ಕುಲಿಯ ಸುತ್ತುಗಳು ಎಣ್ಣೆಯಲ್ಲಿ ಅಚ್ಚಾಗಿ ಅವನ ಅಕ್ಷರಗಳ ಮೇಲೆ ಕೂತಿದ್ದವು. ಎರಡನೆಯ ಬೆಂಚಿನಲ್ಲಿ ಮಾಮಾ ಕಿವಿ ಮುಂದೆ ಮಾಡಿಕೊಂಡು ಕೂತಿದ್ದಳು. ಅವನು ಕೀರ್ತನೆಯನ್ನು ಅಲ್ಲಿಗೇ ಬಿಟ್ಟ. ಮತ್ತೆ ಮೊದಲಿಂದ, ಬರೆದದ್ದನ್ನು ಬರೆದ ಹಾಗೇ ಓದಿದ.

"ಮಾನ್ಯ ಹಿರಿಯರಿಗೆ. ಇಲ್ಲಿ ನನ್ನಿಂದ ಯಾರಿಗೂ ಪ್ರಯೋಜನವಿಲ್ಲ. ಇವರ ಭಾಷೆ ನನಗೆ ಹತ್ತುತ್ತಿಲ್ಲ. ಇವರು ಒಳ್ಳೆಯವರೇ ಇರಬಹುದು, ನನಗೆ ಮಾತ್ರ ಎಲ್ಲರೂ ಪರಕೀಯರು. ದಯವಿಟ್ಟು ನನ್ನನ್ನು ಕರೆಸಿಕೊಳ್ಳಿ."

ಜನ ಅರ್ಥಕ್ಕಾಗಿ ಕಾದರು. ಅವನು ತನ್ನ ಹರಕುಮುರುಕು ಸ್ವಾಹಿಲಿಯಲ್ಲಿ ಹೇಳಿದ: "ಇದು ಅಜ್ಜಿಯ ಕಾಗದ ಅಲ್ಲ. ನಾನು ಬರೆದದ್ದು. ಮನೆಗೆ ಹೋಗುತ್ತೇನೆ ಎಂದು ಬರೆದೆ. ನನಗೆ ಇಲ್ಲಿ ಹೆದರಿಕೆ."

ಸಭಾಪಾಲಕರು ಎದ್ದು ಬಂದು ಕಾಗದ ಕೈಗೆ ತೆಗೆದುಕೊಂಡು ತುಸು ಹೊತ್ತು ನೋಡಿದರು.

"ನಿಮ್ಮ ಭಾಷೆ ನನಗೆ ತಿಳಿಯುವುದಿಲ್ಲ," ಎಂದರು. "ಹೆಸರುಗಳು ಬಂದರೆ ಮಾತ್ರ ಹಿಡಿಯಬಹುದು ಎಂದು ಕಿವಿಗೊಟ್ಟು ಕೇಳಿದೆ. ನಮ್ಮದು ಒಂದು ಹೆಸರೂ ಬರಲಿಲ್ಲ. ಹೋಗಬೇಕೆಂದಿದ್ದರೆ ಹೋಗಿ. ನಾವೇ ಜೀಪು ಹತ್ತಿಸುತ್ತೇವೆ. ಆದರೆ ಈ ಕಾಗದ ಎಣ್ಣೆ ಕುಡಿದಿದೆ, ಹೊಸದು ಬರೆಯಬೇಕು. ಬರೆಯುವಾಗ ನಮ್ಮ ಹೆಸರುಗಳನ್ನು ಹಾಕಿ. ನೀವು ಯಾರನ್ನು ಬಿಟ್ಟು ಹೋಗುತ್ತಿದ್ದೀರಿ ಎಂದು ನಿಮ್ಮ ಹಿರಿಯರಿಗೂ ತಿಳಿಯಲಿ."

ಎರಡನೆಯ ಬೆಂಚಿನಿಂದ ಮಾಮಾ ಹೇಳಿದಳು: "ನನ್ನ ಹೆಸರು ಸೆಕೆಲಾ. ಆರು ತಿಂಗಳಾಯಿತು, ನೀನು ಕೇಳಲೇ ಇಲ್ಲ."

ಯಾರೋ ನಕ್ಕರು. ಜಯಶೀಲ ಅಲ್ಲೇ, ಎಲ್ಲರ ಮುಂದೆ, ಅತ್ತುಬಿಟ್ಟ. ನನಗೆ ಅವನ ಮೇಲೆ ಸಿಟ್ಟು ಬಂತು, ನಾಚಿಕೆಯಾಯಿತು, ಅಯ್ಯೋ ಎನ್ನಿಸಿತು.

ಮರುದಿನ ಅವನು ಹೊಸ ಕಾಗದ ಹಿಡಿದು ಹೊರಟ. ಚಕ್ಕುಲಿ ಹೋದ ಮನೆಗಳಿಗೆಲ್ಲ ಹೋಗಿ ಹೆಸರು ಕೇಳಿ ಬರೆದುಕೊಂಡ. ಒಂದು ಮನೆಯಲ್ಲಿ ಒಂಬತ್ತು ಜನ. ಪ್ರತಿ ಮನೆಯಲ್ಲೂ ಕೂರಿಸಿದರು, ತಿನ್ನಿಸಿದರು. ಇಪ್ಪತ್ತೇಳಕ್ಕೆ ಜೀಪು ಬಂದಾಗ ಕಾಗದದಲ್ಲಿ "ಮಾನ್ಯ ಹಿರಿಯರಿಗೆ" ಎಂಬುದೂ ಹೆಸರುಗಳೂ ಮಾತ್ರ ಇದ್ದವು. ಬೇಡಿಕೆಗೆ ಇನ್ನೂ ಜಾಗ ಬಂದಿರಲಿಲ್ಲ. ಜೀಪು ಉಳಿದವರ ಅಂಚೆ ಹೊತ್ತುಕೊಂಡು ಹೋಯಿತು.

ಎರಡು ವರ್ಷಕ್ಕೆಂದು ಹೋದವನು ಆರು ವರ್ಷ ಇದ್ದ. ಹೊರಡುವ ದಿನ, ಹಬ್ಬಕ್ಕೆಂದು ಎರವಲು ಹೋಗಿ ಸೆಕೆಲಾಳ ಮನೆಯಲ್ಲೇ ಉಳಿದಿದ್ದ ನನ್ನನ್ನು ಕೇಳಲು ಹೋದ. ಎರವಲಿನ ಸಾಮಾನು ಬರಿದಾಗಿ ತಿರುಗಿ ಬರಬಾರದು ಎಂದು ಅವನೇ ಎಂದೋ ಆಕೆಗೆ ಹೇಳಿದ್ದ. ಆಕೆ ನನ್ನನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ, ಪ್ರತಿ ಮನೆಯಿಂದ ನಾಲ್ಕೈದು ಕೆಂಪು ಹುರುಳಿಕಾಯಿಬೀಜ ಹಾಕಿಸಿಕೊಂಡು ಬಂದು ಕೊಟ್ಟಳು.

ಬೆಟಗೇರಿಯಲ್ಲಿ ಎಸ್ತೇರವ್ವ ನನ್ನನ್ನು ಮೊರದಲ್ಲಿ ಬಗ್ಗಿಸಿದಳು. ಬೀಜಗಳನ್ನು ಬೆರಳಿಂದ ಹರವುತ್ತ ಕೇಳಿದಳು:

"ಯಾರ ಕೊಟ್ಟಾರೋ ತಮ್ಮಾ ಇವನ್ನ?"

ಅವನು ಅವಳ ಪಕ್ಕದಲ್ಲಿ ಕೂತು ಹೇಳತೊಡಗಿದ. ಊಟಕ್ಕೆ ಎರಡು ಸಲ ಕರೆದರು. ಇಬ್ಬರೂ ಏಳಲಿಲ್ಲ.

ಈಗ ಎಸ್ತೇರವ್ವ ಇಲ್ಲ. ನನ್ನ ತಿರುಪು ಸವೆದಿದೆ, ನಕ್ಷತ್ರದ ಮೊನೆಗಳು ಮೊಂಡಾಗಿವೆ, ನನ್ನ ಕೆಲಸವನ್ನು ಒಂದು ಸ್ಟೀಲಿನ ಒರಳು ಮಾಡುತ್ತದೆ. ನಾನು ಜಯಶೀಲನ ಮನೆಯ ಗೋಡೆಯ ಗೂಡಿನಲ್ಲಿದ್ದೇನೆ. ಪ್ರತಿ ಡಿಸೆಂಬರಿನಲ್ಲಿ ಅವನು ನನ್ನನ್ನು ಇಳಿಸಿ, ಒರೆಸುತ್ತ, ಆ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಾನೆ. ಕೂದಲು ಹಣ್ಣಾಗಿದೆ. ಈಚೆಗೆ ಒಂದೆರಡು ಕಡೆ ತಡವರಿಸುತ್ತಾನೆ, ಬಟ್ಟೆ ಹಿಡಿದ ಕೈ ನಿಲ್ಲುತ್ತದೆ. ಆಗ ನನಗೆ ಹಳೆಯ ಹೆದರಿಕೆ ಬರುತ್ತದೆ. ನನಗೆ ಎಲ್ಲ ಹೆಸರೂ ನೆನಪಿವೆ, ಬಾಯಿಯಲ್ಲಿ ಈಗ ಹಿಟ್ಟೂ ಇಲ್ಲ, ಆದರೂ ಹೇಳಿಕೊಡಲು ಬರುವುದಿಲ್ಲ. ಅವನೇ ನೆನಪು ಮಾಡಿಕೊಳ್ಳಲಿ ಎಂದು ಕಾಯುತ್ತೇನೆ. ಇಲ್ಲಿಯವರೆಗೆ ಸೆಕೆಲಾ ಎಂಬ ಹೆಸರು ಅವನಿಗೆ ಒಮ್ಮೆಯೂ ತಪ್ಪಿಲ್ಲ.